ಅಟ್ಟದಲ್ಲಿ ಬಿದ್ದ ಇಲಿ

ಹೊಟ್ಟೆಗೆ ಅನ್ನ, ಕೈತುಂಬ ಬಳೆ, ಕೊಟ್ಟಿಗೆ ತುಂಬ ದನ, ಇನ್ನೇನು ಬೇಕೇ ನಿನಗೆ ಎಂದು ನಮ್ಮವ್ವ ಕೇಳುತ್ತಿದ್ದಳು. ಕವಲಂದೆ ಕಡೆಯ ಸಣ್ಣ ಒಕ್ಕಲು ಮನೆಯವಳಾದ ನನ್ನನ್ನು ನರಸೀಪುರದ ಹತ್ತಿರದ ಪಟೇಲರ ಮನೆಗೆ ಕೊಟ್ಟಿದ್ದರು. ಅಲ್ಲಿ ಹೆಂಗಸರು ಹೊಲಕ್ಕಿಳಿಯಬಾರದು, ಹೊಳೆಗೆ ಹೋಗಬಾರದು. ತಲೆಬಾಗಿಲು ದಾಟಿದರೆ ಮನೆತನದ ಮರ್ಯಾದೆ ಹೋಯಿತು. ನನ್ನ ಅತ್ತೆ ಆ ಮನೆಯೊಳಗೇ ಮೂವತ್ತು ವರ್ಷ ಕಳೆದಿದ್ದರು. ನನ್ನ ಕಾವಲೂ ಅವರದೇ. ಜಗಲಿಯ ಕಡೆ ಒಂದು ಹೆಜ್ಜೆ ಇಟ್ಟರೂ "ಎಲ್ಲಿಗವ್ವಾ?" ಎನ್ನುವರು. ಊರವರು ನನ್ನನ್ನು ಪುಣ್ಯವಂತೆ ಅನ್ನುತ್ತಿದ್ದರು. ನನಗೆ ಉಸಿರು ಕಟ್ಟುತ್ತಿತ್ತು.

ಮದುವೆಯಾದ ಮೂರನೆಯ ವರ್ಷ ಪ್ಲೇಗು ಬಂತು. ಇಲಿ ಸತ್ತು ಬಿದ್ದರೆ ಮನೆ ಬಿಡಬೇಕು. ಸರ್ಕಾರದ ಹುಕುಂ, ಜೊತೆಗೆ ಜೀವಭಯ. ಪಟೇಲರ ಮನೆ ಎಂದು ಇಲಿಗೇನು ಗೊತ್ತು? ನಾವೂ ಹೊಲದಲ್ಲಿ ಗುಡಿಸಲು ಹಾಕಿಕೊಂಡೆವು. ಗುಡಿಸಲಿಗೆ ತಲೆಬಾಗಿಲು ಎಲ್ಲಿಯದು? ಆಳುಗಳು ಚದುರಿಹೋಗಿದ್ದರಿಂದ ಅವರೆಕಾಯಿ ಬಿಡಿಸಲು ನಾವೇ ಇಳಿಯಬೇಕಾಯಿತು. ಮೊದಲ ದಿನ ಅತ್ತೆ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಸಾಲಿನ ಕೊನೆಯಲ್ಲಿ ನಿಂತಿದ್ದರು. ವಾರ ಕಳೆಯುವಷ್ಟರಲ್ಲಿ ಬದುವಿನ ಮೇಲೆ ಕಾಲು ಚಾಚಿ ಕೂತು, ಸುಟ್ಟ ಅವರೆಕಾಯಿ ಸುಲಿದು ತಿನ್ನುತ್ತಾ, ಸಿಪ್ಪೆಯನ್ನು ನನ್ನ ಮೇಲೆ ಎಸೆಯುತ್ತಿದ್ದರು. ಅವರು ನಗುವುದನ್ನು ನಾನು ಕಂಡದ್ದು ಆಗಲೇ. ಊರಲ್ಲಿ ಹೆಣ ಬೀಳುತ್ತಿದ್ದ ಆ ದಿನಗಳಲ್ಲಿ ನಾನು ಸುಖವಾಗಿದ್ದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಿಜ.

ಮಾರಿ ತಣಿಯಿತು. ಮನೆ ಸೇರಲು ಮಾವ ದಿನ ಗೊತ್ತುಮಾಡಿ, ಸಾರಿಸಿ ಬನ್ನಿ ಎಂದು ನಮ್ಮಿಬ್ಬರನ್ನು ಕಳಿಸಿದರು. ಅಟ್ಟ ಗುಡಿಸಿದವಳು ನಾನೇ. ಅಲ್ಲಿ ಇಲಿ ಇರಲಿ, ಇಲಿಯ ಹಿಕ್ಕೆಯೂ ಇರಲಿಲ್ಲ. ಹೊಲಕ್ಕೆ ಹಿಂದಿರುಗಿದ ಅತ್ತೆ ಮಾವನಿಗೆ ಹೇಳಿದರು: "ಅಟ್ಟದ ಮ್ಯಾಲೆ ಇನ್ನೊಂದು ಇಲಿ ಬಿದ್ದದೆ. ಈಗ್ಲೇ ಓಗಾದು ಬ್ಯಾಡಿ."

ಮಾವ ನನ್ನ ಕಡೆ ತಿರುಗಿದರು. "ನೀನೂ ನೋಡ್ದೇನವ್ವಾ?"

ಮಾವನ ಎದುರು ಸೊಸೆ ಬಾಯಿ ಬಿಡುವ ರೂಢಿಯಿಲ್ಲ. ಹೌದೆಂದು ತಲೆ ಆಡಿಸಿದೆ. ಇನ್ನೊಂದು ತಿಂಗಳು ಸಿಕ್ಕಿತು.

ಆಮೇಲೆ ಹೋಗಲೇಬೇಕಾಯಿತು. ಮರುವರ್ಷ ಅವರೆಕಾಯಿ ಕಾಲಕ್ಕೆ, ಹೊಲಕ್ಕೆ ಹೋಗಿ ಬರಲೇ ಎಂದು ಅತ್ತೆಯನ್ನು ಕೇಳಿದೆ. "ಮರ್ವಾದೆಯಾಗಿ ಒಳೀಕೆ ನಡಿ" ಅಂದರು. ಇಲಿಯ ಸುಳ್ಳು ಹೇಳಿದ ಬಾಯೇ ಇದು ಎಂದು ಮೈಯೆಲ್ಲ ಉರಿಯಿತು. ಆದರೆ ಅವರು ನನ್ನ ಮುಖ ನೋಡಿ ಹೇಳಲಿಲ್ಲ.

ನಿಜವಾದ ಸುಖ ಮನಸ್ಸಿನೊಳಗೇ ಇದೆ ಎಂದು ನಮ್ಮ ಜಗಲಿಯಲ್ಲಿ ಪುರಾಣ ಓದುವವರು ಹೇಳುತ್ತಿದ್ದರು. ಕದದ ಹಿಂದೆ ಕೂತು ನಾವೂ ಕೇಳುತ್ತಿದ್ದೆವು. ಅವರೇನು, ಹೇಳಿ ಮುಗಿಸಿ ಎದ್ದು ಹೋಗುವವರು. ನನ್ನ ಪಾಲಿಗೆ ಬೇಕಾದಾಗ ಹೊರಗೆ ಹೋಗಿ, ದುಡಿದು, ಹಸಿದು ಬಂದು ಉಣ್ಣುವುದೇ ಸುಖ. ಹಸಿಯಲು ಬಿಡದೆ ಅನ್ನ ಬಡಿಸಿ ಪುಣ್ಯವಂತೆ ಅನ್ನಬಾರದು.

ಹತ್ತು ವರ್ಷದ ಮೇಲೆ ಅತ್ತೆ ಹಾಸಿಗೆ ಹಿಡಿದರು. ಒಂದು ಬೆಳಿಗ್ಗೆ ಅಟ್ಟದ ಕಡೆಯೇ ನೋಡುತ್ತಾ ಕೇಳಿದರು: "ಇಲಿ ಏನಾರ ಬಿತ್ತೇನವ್ವಾ?"

"ಬಿತ್ತು ಅತ್ತೆ. ಏಳಿ, ಒಲಕ್ಕೆ ಓಗಾನ."

ಅವರು ಸೆರಗು ಸರಿಮಾಡಿಕೊಂಡು ಕಾಲು ಕೆಳಗಿಡಲು ನೋಡಿದರು. ಕಾಲು ಏಳಲಿಲ್ಲ.