ಹಾರ್ನ್ ಬಟನ್‌ಗೆ ನೈಟ್ರಸ್ ವೈರ್

ಗೆಳೆಯರೇ, ನಮ್ಮ ಇಮ್ರಾನಣ್ಣ ತನ್ನ ಎಪ್ಪತ್ತರ ದಶಕದ ಕಾರು ಜೋರಾಗಿ ಓಡಲೆಂದು ನೈಟ್ರಸ್ ಗ್ಯಾಸ್ ಕೂರಿಸಿದ್ದಾನೆ. ಆಕ್ಸಿಲರೇಟರ್ ಪೂರ್ತಿ ತುಳಿದಾಗ ಮಾತ್ರ ಗ್ಯಾಸ್ ಬಿಡುವ ಸೇಫ್ಟಿ ಸ್ವಿಚ್ ಹಾಕಿಸು ಎಂದು ಈ ಗ್ರೂಪಿನಲ್ಲೇ ಬಡಿದುಕೊಂಡಿದ್ದೆ. "ಅದೆಲ್ಲ ಯಾಕ್ಲೇ, ಹಾರ್ನ್ ಬಟನ್‌ಗೆ ವೈರ್ ಕೊಟ್ಟೀನಿ" ಎಂದ.

ಇವತ್ತು ಮಾರಿಕಣಿವೆ ರಸ್ತೆಯಲ್ಲಿ ಕುರಿಹಿಂಡು ಅಡ್ಡ ಬಂತು. ಅಭ್ಯಾಸಬಲದಿಂದ ಅಣ್ಣ ಹಾರ್ನ್ ಒತ್ತಿದ. ಸದ್ದಿನ ಬದಲು ಗ್ಯಾಸ್ ಬಂತು, ಕಾರು ಹಿಂಡಿನತ್ತ ನುಗ್ಗಿತು. ಪಕ್ಕದ ಸೀಟಿನಲ್ಲಿದ್ದ ನಾನು ಕೀ ತಿರುಗಿಸಿ ಎಂಜಿನ್ ನಿಲ್ಲಿಸಿದ್ದರಿಂದ ಕುರಿಗಳು ಉಳಿದವು.

"ಹಾರ್ನ್ ಹೊಡಿಯಾಕೆ ಏನಾಗಿತ್ತಪ್ಪ?" ಎಂದು ಕುರಿ ಕಾಯುವ ಅಜ್ಜ ಕೇಳಿದ.

"ಹೊಡದಿದ್ಕೇ ಹಿಂಗಾತಜ್ಜ" ಎಂದ ಅಣ್ಣ.

ಈಗ ಅದೇ ವೈರನ್ನು ವೈಪರ್ ಸ್ವಿಚ್‌ಗೆ ಹಾಕುತ್ತಿದ್ದಾನೆ. "ನಮ್ ಕಡೆ ಮಳೆ ಎಲ್ಲೈತಲೇ?" ಅಂತೆ. ಇಡೀ ಹಿರಿಯೂರಿನಲ್ಲಿ ಮಳೆ ಬೇಡ ಎಂದು ಬೇಡಿಕೊಳ್ಳುತ್ತಿರುವವನು ನಾನೊಬ್ಬನೇ.