ಇಂಬಳ ಹೊಕ್ಕ ಕಿವಿ

…ಇಂಬಳ ಹೊಕ್ಕಿದೆ, ಮತ್ತೇನಲ್ಲ ಎಂದು ದೊಡ್ಡಪ್ಪ ಅಂದದ್ದು ಇವತ್ತು ನೆನಪಾಯಿತು, ಚಿಕ್ಕಮಗಳೂರಿನ ಪಶುವೈದ್ಯರ ಮೇಜಿನ ಮೇಲೆ ನಮ್ಮ ನಾಯಿಯ ಊದಿದ ಕಿವಿ ನೋಡುತ್ತ ನಿಂತಿದ್ದಾಗ.

ನಾನು ಚಿಕ್ಕವನಿದ್ದಾಗ ಬಾಳೂರಿನ ತೋಟದಲ್ಲಿ ನಮಗೆ ಕರಿಯನೆಂಬ ನಾಯಿ ಇತ್ತು. ಒಂದು ಮಳೆಗಾಲ ಅದರ ಎಡಗಿವಿ ಹಲಸಿನ ತೊಳೆಯಂತೆ ದಪ್ಪಗಾಯಿತು. ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳಕ್ಕೂ ಕಾರಣ ತಿಳಿಯದ ಊತಕ್ಕೂ ನಮ್ಮಲ್ಲಿ ಮದ್ದು ಒಂದೇ, ಹೊಗೆಸೊಪ್ಪು ಕಿವುಚಿದ ಸುಣ್ಣದ ನೀರು. ದೊಡ್ಡಪ್ಪ ಅದನ್ನು ಕಿವಿಯೊಳಗೆ ಹುಯ್ದರು. ಕರಿಯ ತಲೆ ಕೊಡವಿತು.

"ಕಂಡ್ಯಾ ಮಾರಾಯ, ಒಳಗೆ ಒದ್ದಾಡ್ತಿದೆ," ಎಂದರು ತೋಟದ ಮೇಸ್ತ್ರಿಗೆ.

"ನೀವು ಹೇಳಿದ್ಮೇಲೆ ಇರ್ಲೇಬೇಕಲ್ಲ ಅಯ್ಯ," ಎಂದ ಮೇಸ್ತ್ರಿ.

ಕೊಡವಿದಷ್ಟೂ ಕಿವಿ ಊದಿತು, ಊದಿದಷ್ಟೂ ಹುಯ್ದರು. ನಾಲ್ಕನೆಯ ದಿನ ಕರಿಯ ದೊಡ್ಡಪ್ಪನ ಕೈ ಕಚ್ಚಿತು. ಜೀಪಿಗೆ ಹತ್ತಿಸಿ ಕೊಟ್ಟಿಗೆಹಾರದಾಚೆ ಘಾಟಿಯಲ್ಲಿ ಬಿಟ್ಟು ಬಂದರು. ಅಳುತ್ತಿದ್ದ ನನಗೆ, "ಅದಕ್ಕೆ ನಿಯತ್ತಿರ್ಲಿಲ್ಲ ಕಣೋ," ಎಂದರು. ತಪ್ಪು ಮದ್ದನ್ನು ಕ್ಷಮಿಸಬಹುದು. ಆ ಮಾತನ್ನು ಕ್ಷಮಿಸಲು ನನಗೆ ಇವತ್ತಿಗೂ ಆಗಿಲ್ಲ.

ಇವತ್ತು ನಮ್ಮ ನಾಯಿಯ ಕಿವಿ ನೋಡಿ, ಒಳಗೆ ಸೋಂಕಾಗಿ ತುರಿಕೆ, ತಲೆ ಕೊಡವಿ ಕೊಡವಿ ರಕ್ತನಾಳ ಒಡೆದು ಪದರಗಳ ನಡುವೆ ರಕ್ತ ತುಂಬಿದೆ ಎಂದರು ವೈದ್ಯರು. ರಕ್ತ ತೆಗೆದು ಹೊಲಿಗೆ ಹಾಕಿ, ಸೋಂಕಿಗೆ ಔಷಧಿ ಕೊಟ್ಟರು. ನಮ್ಮ ನಾಯಿ ಈಗ ಕಾರಿನ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದೆ.

ದೊಡ್ಡಪ್ಪ, ಆ ನಾಲ್ಕು ದಿನದಲ್ಲಿ ಕರಿಯನ ಕಿವಿಯಿಂದ ಇಂಬಳ ಹೊರಗೆ ಬಂದದ್ದನ್ನು ನೀವು ಒಮ್ಮೆಯಾದರೂ ನೋಡಿದ್ದಿರಾ?