ಮೆಣಸಿನ ಒಲೆಯ ತಳದಲ್ಲಿ ಬರೆದದ್ದು

ಸವೆದ ಕಾಲರನ್ನು ಬಿಚ್ಚಿ, ಒಳಮೈಯನ್ನು ಹೊರಗೆ ಮಾಡಿ, ಹಳೆಯ ಹೊಲಿಗೆಯ ತೂತುಗಳಲ್ಲೇ ದಾರ ಓಡಿಸಿ ಕೂರಿಸಿದರೆ ಅಂಗಿಗೆ ಇನ್ನು ನಾಲ್ಕು ವರ್ಷ ಆಯಸ್ಸು. ಸೆವ್ಲಿಯೆವೊ ಎಂಬ ಊರಿನಲ್ಲಿ ಈ ಕೆಲಸ ಮಾಡುವವಳು ಈಗ ನೆದ್ಯಾಲ್ಕಾ ಒಬ್ಬಳೇ. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಅವಳ ಅಂಗಡಿ: ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಪೆಟ್ಟಿಗೆ, ಗಾಜಿನ ಭರಣಿಗಳ ತುಂಬ ಬೇರೆಯವರ ಅಂಗಿಗಳಿಂದ ಉಳಿದ ಗುಂಡಿಗಳು. ವಯಸ್ಸು ಐವತ್ತೇಳು. ಹರಿದ ಮಂಡಿ, ಕಿತ್ತ ಜಿಪ್ಪು ಹಿಡಿದು ಬಂದವರಿಗೆ ‘ಇದು ಆಗಲ್ಲ’ ಎಂದು ಅವಳು ಹೇಳಿದ್ದು ಕಡಿಮೆ.

ಮನೆಯಲ್ಲಂತೂ ಆ ಮಾತಿಗೆ ಜಾಗವೇ ಇರಲಿಲ್ಲ. ಅದಕ್ಕೆ ಕಾರಣ ಅವಳ ಗಂಡ ಮಿಂಕೊ.

ಮಿಂಕೊ ಊರಿನ ಒಂದು ಶಾಲೆಯಲ್ಲಿ ರಿಪೇರಿ ಕೆಲಸದವನು. ‘ಕೆಟ್ಟಿದೆ ಅನ್ಬೇಡಿ, ಇನ್ನೂ ಬಿಚ್ಚಿ ನೋಡಿಲ್ಲ ಅನ್ನಿ’ ಎನ್ನುವುದು ಅವನ ಮಾತು. ಕೆಲಸಕ್ಕೆ ಸೇರಿದ ಮೊದಲ ವಾರ ಶಾಲೆಯಲ್ಲಿ ಸೋರುವ ನಲ್ಲಿಗಳನ್ನು ಎಣಿಸಿದ. ಹನ್ನೊಂದು ಇದ್ದವು. ಒಂದರ ಕೆಳಗೆ ಬಕೆಟ್ ಇಟ್ಟು ಅಳೆದ: ಸೆಕೆಂಡಿಗೊಂದು ಹನಿ, ದಿನಕ್ಕೆ ಎರಡು ಬಕೆಟ್. ಮಾರನೆಯ ದಿನ ಮುಖ್ಯೋಪಾಧ್ಯಾಯಿನಿಯ ಬಾಗಿಲ ಮುಂದೆ ಇಪ್ಪತ್ತೆರಡು ಬಕೆಟ್ ನೀರು ಸಾಲಾಗಿ ನಿಂತಿತ್ತು. ಆಕೆ ಸ್ಕರ್ಟು ಎತ್ತಿ ಹಿಡಿದು ದಾಟಿಕೊಂಡು ಒಳಗೆ ಹೋದರು, ಬಾಗಿಲು ಹಾಕಿಕೊಂಡರು, ಒಂದು ಗಂಟೆಯ ನಂತರ ವಾಷರ್ ತರಿಸಲು ಸಹಿ ಹಾಕಿ ಕಳಿಸಿದರು. ಒಂದು ಮಗ್ಗುಲು ಖಾಲಿ ಉಳಿದ ಪರೀಕ್ಷೆಯ ಹಾಳೆಗಳನ್ನು ಅವನು ಮನೆಗೆ ಹೊತ್ತು ತರುತ್ತಿದ್ದ, ನೆದ್ಯಾಲ್ಕಾ ಅವನ್ನು ಹೊಲಿದು ಪುಸ್ತಕ ಮಾಡಿ ವಾಪಸು ಕಳಿಸುತ್ತಿದ್ದಳು. ಬಟ್ಟೆ ಜಾಲಿಸಿದ ಕೊನೆಯ ನೀರು ನೆಲ ಒರೆಸಲು. ಚಳಿಗಾಲದಲ್ಲಿ ಕಿಟಕಿಯ ಸಂದಿಗೆ ಹಳೆಯ ಕಂಬಳಿಯ ಪಟ್ಟಿ. ಮದುವೆಯಾದ ವರ್ಷ ಕೂಡಿಸಿದ ಚಟ್ನಿ, ಉಪ್ಪಿನಕಾಯಿಯ ಭರಣಿಗಳೇ ಇಪ್ಪತ್ತಾರು ಚಳಿಗಾಲ ತುಂಬಿದವು, ಬರಿದಾದವು, ಮತ್ತೆ ತುಂಬಿದವು. ಮಕ್ಕಳಾಗಲಿಲ್ಲ. ಅದೊಂದಕ್ಕೆ ಅವನ ಬಳಿ ರಿಪೇರಿ ಇರಲಿಲ್ಲ, ಆ ಮಾತು ಇಬ್ಬರೂ ಎತ್ತುತ್ತಿರಲಿಲ್ಲ.

ಊರಿಗೆಲ್ಲ ಅವಳು ನೆದ್ಯಾಲ್ಕಾ. ಅವನೊಬ್ಬನಿಗೆ ನೇದಾ. ‘ನೇದಾ, ಟಾರ್ಚ್ ಹಿಡಿ.’ ‘ನೇದಾ, ಈ ಸ್ಕ್ರೂ ಎಲ್ಲಿ ಬಿತ್ತು ನೋಡು.’ ಸಿಟ್ಟು ಬಂದರೆ ಮಾತ್ರ ಅವನೂ ನೆದ್ಯಾಲ್ಕಾ ಅನ್ನುತ್ತಿದ್ದ. ಅವನ ಸಿಟ್ಟಿಗೆ ಬೇರೆ ಗುರುತೇ ಇರಲಿಲ್ಲ, ದನಿ ಕೂಡ ಏರುತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದೆ, ಸೆಪ್ಟೆಂಬರ್ ಮೊದಲ ವಾರ, ಮೆಣಸಿನ ಒಲೆ ಕೆಟ್ಟಿತು. ಸಣ್ಣ ಬಕೆಟ್ಟಿನಷ್ಟು ಎತ್ತರದ ಕರೆಂಟಿನ ಒಲೆ ಅದು. ನಡುವೆ ಮಣ್ಣಿನ ಗೂಡು, ಸುತ್ತ ತಂತಿಯ ಸುರುಳಿ. ಕೆಂಪು ದಪ್ಪ ಮೆಣಸಿನಕಾಯಿ ಇಳಿಸಿ ಮುಚ್ಚಿದರೆ ಎರಡು ನಿಮಿಷದಲ್ಲಿ ಸಿಪ್ಪೆ ಕಪ್ಪಾಗಿ ಸಡಿಲಾಗುತ್ತದೆ. ಚಳಿಗಾಲಕ್ಕೆ ಚಟ್ನಿ ಮಾಡಿಡಲು ಆ ತಿಂಗಳು ಇಡೀ ಕಟ್ಟಡದ ಬಾಲ್ಕನಿಗಳಲ್ಲೆಲ್ಲ ಇದೇ ಕೆಲಸ, ಇದೇ ವಾಸನೆ. ಅವರ ಬಾಲ್ಕನಿಯಲ್ಲಿ ನಲವತ್ತು ಕಿಲೋ ಮೆಣಸಿನಕಾಯಿ ಕಾಯುತ್ತಿತ್ತು, ಮೇಲಿನವು ಮೆತ್ತಗಾಗತೊಡಗಿದ್ದವು.

“ಇದು ಎಷ್ಟನೇ ಸಲ, ಮಿಂಕೊ?”

“ಐದನೇದು.”

“ಹೊಸದು ತರೋಣ.”

“ತಂತಿ ತುಂಡಾಗಿದೆ, ಅಷ್ಟೇ. ಸುಟ್ಟ ಭಾಗ ಕತ್ತರಿಸಿ ಎಳೆದು ಜೋಡಿಸಿದ್ರೆ ಇನ್ನೂ ಮೂರು ವರ್ಷ ಬರುತ್ತೆ.”

ದಿನವಿಡೀ ಯಾರದೋ ಕೋಟಿನ ಅಸ್ತರು ಹೊಲಿದು ಅವಳ ಕಣ್ಣು ಉರಿಯುತ್ತಿತ್ತು. “ಅಂಗಡೀಲೂ ತೇಪೆ, ಮನೇಲೂ ತೇಪೆ. ನನ್ನ ಜೀವನ ಪೂರ್ತಿ ತೇಪೆಯಲ್ಲೇ ಹೋಯ್ತು. ಇಪ್ಪತ್ತಾರು ವರ್ಷದಲ್ಲಿ ಹೊಸ ಡಬ್ಬ ಬಿಚ್ಚಿ ತೆಗೆದ ಸಾಮಾನು ಒಂದಾದ್ರೂ ಇದ್ರೆ ತೋರ್ಸು. ನೀನು ಸತ್ತ ಮಾರನೇ ದಿನ ಇದನ್ನೆಲ್ಲ ಗುಜರಿಗೆ ಹಾಕ್ತೀನಿ, ನೋಡ್ತಿರು.”

“ಸರಿ, ನೆದ್ಯಾಲ್ಕಾ,” ಎಂದ ಮಿಂಕೊ.

ಅವಳು ಅಡುಗೆಮನೆಯ ಬಾಗಿಲು ಹಾಕಿಕೊಂಡಳು. ಅವನು ಬಾಲ್ಕನಿಯಲ್ಲಿ ಒಲೆ ಬಿಚ್ಚಿಕೊಂಡು ಎರಡು ಗಂಟೆ ಕೂತಿದ್ದ. ಕೊನೆಗೆ ತಗಡಿನ ಮೇಲೆ ಮೊಳೆ ಎಳೆಯುವ ಸದ್ದು ಬಹಳ ಹೊತ್ತು ಕೇಳಿತು, ಮಕ್ಕಳು ಸ್ಲೇಟಿನ ಮೇಲೆ ಒತ್ತಿ ಬರೆದ ಹಾಗೆ. ತುಕ್ಕು ಕೆರೆಯುತ್ತಿದ್ದಾನೆ ಎಂದುಕೊಂಡಳು. ಬೆಳಿಗ್ಗೆ ಅವಳು ಏಳುವ ಮೊದಲೇ ಅವನು ಶಾಲೆಗೆ ಹೋಗಿದ್ದ. ತರಗತಿ ಶುರುವಾಗಲು ಹತ್ತೇ ದಿನ ಇತ್ತು, ನಲ್ಲಿಗಳನ್ನು ನೋಡಬೇಕಿತ್ತು. ಹತ್ತೂವರೆಗೆ ಅಂಗಡಿಗೆ ಫೋನು ಬಂತು. ಕೈತೊಳೆಯುವ ತೊಟ್ಟಿಯ ಕೆಳಗೆ ಸ್ಪ್ಯಾನರ್ ಹಿಡಿದುಕೊಂಡೇ ಬಿದ್ದಿದ್ದನಂತೆ. ಹೃದಯ ನಿಂತಿತ್ತು.

ನಲವತ್ತನೆಯ ದಿನ, ಪದ್ಧತಿಯಂತೆ, ಬೇಯಿಸಿದ ಗೋಧಿಗೆ ಸಕ್ಕರೆ ಬೆರೆಸಿ ಹಂಚಿದಳು, ಸತ್ತವನ ಸಾಮಾನೂ ಹಂಚಿದಳು. ಕೋಟು ಶಾಲೆಯ ಕಾವಲುಗಾರನಿಗೆ, ಬೂಟು ಮಿಂಕೊನ ತಮ್ಮನಿಗೆ. ಮೆಣಸಿನ ಒಲೆಯನ್ನು ಕೆಳಗಿನ ಮನೆಯ ಕೇರಾಗೆ ಕೊಟ್ಟಳು. ಕೇರಾಳದ್ದು ಸುಟ್ಟುಹೋಗಿತ್ತು ಎನ್ನುವುದು ಒಂದು ಕಾರಣ, ಅದನ್ನು ದಿನಾ ನೋಡಲು ಇವಳಿಗೆ ಆಗುತ್ತಿರಲಿಲ್ಲ ಎನ್ನುವುದು ಇನ್ನೊಂದು.

“ದೇವರು ಅವನನ್ನ ಕ್ಷಮಿಸ್ಲಿ, ಕೇರಕ್ಕ.” ಸತ್ತವರ ಹೆಸರಲ್ಲಿ ಕೊಡುವಾಗ ಎಲ್ಲರೂ ಹೇಳುವ ಮಾತು.

“ಕ್ಷಮಿಸ್ಲಿ ಕಣಮ್ಮ, ಕ್ಷಮಿಸ್ಲಿ.” ಎರಡೂ ಕೈಯಲ್ಲಿ ತೆಗೆದುಕೊಂಡಳು ಕೇರಾ.

ಡಿಸೆಂಬರಿನಲ್ಲಿ ಅಂಗಡಿಯ ಇಸ್ತ್ರಿ ಪೆಟ್ಟಿಗೆ ತಣ್ಣಗಾಯಿತು. ಯಾರಿಗೆ ಹೇಳುವುದು? ಅವನ ಸ್ಕ್ರೂಡ್ರೈವರ್ ತಂದು ತಾನೇ ಬಿಚ್ಚಿದಳು. ಹಿಡಿಯ ಒಳಮೈ ಮೇಲೆ ಪೆನ್ಸಿಲ್ಲಿನಲ್ಲಿ, ಅವನ ನೆಟ್ಟಗಿನ ಸಣ್ಣ ಅಕ್ಷರದಲ್ಲಿ, ತಾರೀಕು, ಅದರ ಕೆಳಗೆ: ‘ವೈರು ಬುಡದಲ್ಲಿ ತುಂಡು. ಐದು ಸೆಂಟಿಮೀಟರ್ ಕತ್ತರಿಸಿದೆ. ಮುಂದಿನ ಸಲವೂ ಇಲ್ಲೇ.’ ನೋಡಿದರೆ ಅಲ್ಲೇ ತುಂಡಾಗಿತ್ತು. ಅವನು ಹೇಳಿದಷ್ಟೇ ಕತ್ತರಿಸಿ ಜೋಡಿಸಿದಳು. ಪೆಟ್ಟಿಗೆ ಬಿಸಿಯಾಯಿತು. ಅದರ ಮುಂದೆ ಕೂತು ಅಂಗಡಿಯ ಬಾಗಿಲು ಹಾಕುವ ಹೊತ್ತಿನವರೆಗೂ ಅತ್ತಳು.

ಆಮೇಲೆ ಭಾನುವಾರಕ್ಕೊಂದರಂತೆ ಮನೆಯ ಸಾಮಾನೆಲ್ಲ ಬಿಚ್ಚಿದಳು. ರೇಡಿಯೊ, ಗಡಿಯಾರ, ಹೊಲಿಗೆ ಯಂತ್ರದ ಮೋಟಾರು, ಬಚ್ಚಲಿನ ನೀರಿನ ಟ್ಯಾಂಕು. ಹತ್ತೊಂಬತ್ತರಲ್ಲಿ ಬರಹ ಸಿಕ್ಕಿತು. ಎಲ್ಲದರಲ್ಲೂ ತಾರೀಕು, ಏನು ಕೆಟ್ಟಿತ್ತು, ಮುಂದೆ ಏನು ಕೆಡಬಹುದು. ಅವನ್ನು ಓದಿಯೇ ಅವಳು ಕೆಲಸ ಕಲಿತಳು. ಕಟ್ಟಡದವರು ಟೋಸ್ಟರು, ದೀಪ ತಂದು ಅವಳ ಬಾಗಿಲು ತಟ್ಟತೊಡಗಿದರು. ಆದರೆ ಹತ್ತೊಂಬತ್ತರಲ್ಲಿ ಒಂದರಲ್ಲೂ ಬೇರೆ ಮಾತಿಲ್ಲ, ಒಂದರಲ್ಲೂ ಅವಳಿಲ್ಲ. ಎಲ್ಲವೂ ಪೆನ್ಸಿಲ್ ಬರಹ.

ಮೊಳೆಯ ಸದ್ದು ನೆನಪಾದದ್ದು ಆಗ. ಮೆಣಸಿನ ಒಲೆಯ ಕಾವಿಗೆ ಪೆನ್ಸಿಲ್ ಉಳಿಯುವುದಿಲ್ಲ. ತಳದ ತಗಡಿನ ಒಳಮೈ ಮೇಲೆ ಮೊಳೆಯಿಂದ ಕೊರೆದಿದ್ದಾನೆ. ಆ ಸಂಜೆ. ಅವಳು ಆ ಮಾತು ಆಡಿದ ಮೇಲೆ. ‘ತಂತಿ ತುಂಡು’ ಎಂದು ಬರೆಯಲು ಅಷ್ಟು ಹೊತ್ತು ಬೇಕಿರಲಿಲ್ಲ.

ಮೂರು ಸ್ಕ್ರೂ ಬಿಚ್ಚಿದರೆ ಓದಬಹುದಿತ್ತು. ಆದರೆ ಸತ್ತವನ ಹೆಸರಲ್ಲಿ ಕೊಟ್ಟದ್ದು ಆ ಲೋಕದಲ್ಲಿ ಅವನ ಕೈ ಸೇರುತ್ತದೆ. ವಾಪಸು ಕೇಳಿದರೆ ಅವನ ಕೈಯಿಂದಲೇ ಕಿತ್ತುಕೊಂಡ ಹಾಗೆ. ಅವಳ ಅತ್ತೆ ಹೀಗೆಂದು ನಂಬಿದ್ದರು, ಇವಳು ಅಷ್ಟಾಗಿ ನಂಬಿದವಳಲ್ಲ. ಆದರೂ, ಗುಜರಿಗೆ ಹಾಕ್ತೀನಿ ಎಂದು ಬದುಕಿದ್ದಾಗ ಹೇಳಿ, ಸತ್ತ ಮೇಲೆ ಕೈಯಿಂದಲೂ ಕಿತ್ತುಕೊಳ್ಳುವುದೇ? ಕೇಳಲು ಬಾಯಿ ಬರಲಿಲ್ಲ. ಇದ್ದ ದಾರಿ ಒಂದೇ: ಒಲೆ ಕೆಡಬೇಕು. ಕೆಟ್ಟರೆ ಕೇರಾ ರಿಪೇರಿಗೆ ಇವಳ ಹತ್ತಿರವೇ ತರುತ್ತಾಳೆ. ರಿಪೇರಿಗೆ ಬಂದದ್ದನ್ನು ಬಿಚ್ಚಿದರೆ ತಪ್ಪಿಲ್ಲ.

ಹೀಗೆ ನೆದ್ಯಾಲ್ಕಾ, ಜೀವಮಾನದಲ್ಲಿ ಮೊದಲ ಸಲ, ಒಂದು ಸಾಮಾನು ಕೆಡಲಿ ಎಂದು ಕಾದಳು.

ಪ್ರತಿ ಸೆಪ್ಟೆಂಬರ್ ಮೆಟ್ಟಿಲಲ್ಲಿ ಸಿಕ್ಕಾಗ ಕೇಳುತ್ತಿದ್ದಳು: “ಒಲೆ ಹೇಗಿದೆ, ಕೇರಕ್ಕ?”

“ಗುಂಡುಕಲ್ಲು ಇದ್ದ ಹಾಗಿದೆ. ನಿನ್ನ ಮಿಂಕೊ ಕಟ್ಟಿದ್ದು ಕೆಡುತ್ತಾ? ನಾನೇ ಮೊದಲು ಕೆಡ್ತೀನಿ, ಬಿಡು.”

ಮೊದಲ ವರ್ಷ ಹಾಗೆ. ಎರಡನೆಯ ವರ್ಷವೂ ಹಾಗೆ, ಆ ಸಲ ಮಾತು ಸ್ವಲ್ಪ ಅವಸರದಲ್ಲಿ ಬಂತು. ಮೂರನೆಯ ವರ್ಷ ಕೇರಾ ಉತ್ತರದ ಜೊತೆ ಒಂದು ಭರಣಿ ಲ್ಯುತೆನಿತ್ಸಾ ಎಂಬ ಸುಟ್ಟ ಮೆಣಸಿನಕಾಯಿ ಚಟ್ನಿಯನ್ನೂ ಕೈಗಿಟ್ಟಳು. ಮೂರು ವರ್ಷ ಎಂದು ಮಿಂಕೊನೇ ಹೇಳಿದ್ದನಲ್ಲ, ಬರುವ ವರ್ಷ ಖಂಡಿತ ಎಂದುಕೊಂಡು ನೆದ್ಯಾಲ್ಕಾ ಮೇಲೆ ಹತ್ತಿದಳು.

ನಾಲ್ಕನೆಯ ಸೆಪ್ಟೆಂಬರ್, ಒಂದು ಶನಿವಾರ ಮಧ್ಯಾಹ್ನ, ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿದ್ದವಳು ಕೆಳಗೆ ಬಗ್ಗಿ ನೋಡಿದಳು. ಕೇರಾ ಮೆಣಸಿನಕಾಯಿ ಸುಡುತ್ತಿದ್ದಳು. ಒಲೆಯಿಂದ ಬಿಳಿ ವೈರು ಗೋಡೆಗೆ ಹೋಗಿತ್ತು. ಮಿಂಕೊ ಹಾಕಿದ್ದು ಹಳೆಯ ಇಸ್ತ್ರಿ ಪೆಟ್ಟಿಗೆಯ ಕಂದು ಬಣ್ಣದ ಬಟ್ಟೆ ಸುತ್ತಿದ ವೈರು.

ಒದ್ದೆ ಬಟ್ಟೆಯನ್ನು ಅಲ್ಲೇ ಬಿಟ್ಟು ಇಳಿದು ಹೋದಳು.

“ಇದು ಬೇರೆ ಒಲೆ, ಕೇರಕ್ಕ.”

ಕೇರಾ ಇಕ್ಕಳ ಕೆಳಗಿಟ್ಟಳು. ಎಪ್ಪತ್ತರ ಹೆಂಗಸು, ಕೈ ಮೊಣಕೈವರೆಗೂ ಕೆಂಪು. “ಕೂತ್ಕೊ,” ಎಂದಳು.

“ಹಳೇದು?”

“ಎರಡು ವರ್ಷ ಆಯ್ತು ಕಣೆ. ಹೊಗೆ ಬಂತು, ನಿಂತೋಯ್ತು.”

“ನನ್ನ ಹತ್ರ ತರಬಹುದಿತ್ತಲ್ಲ.”

“ಹೇಗೆ ತರ್ಲಿ? ನೀನು ವರ್ಷಾ ವರ್ಷ ಮುಖ ಇಷ್ಟು ಮಾಡ್ಕೊಂಡು ಕೇಳ್ತಿದ್ದೆ, ‘ಒಲೆ ಹೇಗಿದೆ, ಒಲೆ ಹೇಗಿದೆ’ ಅಂತ. ಅವನ ಜೀವಾನೇ ಅದರೊಳಗಿದೆಯೇನೋ ಅನ್ನೋ ಹಾಗೆ. ಕೆಟ್ಟೋಯ್ತು ಅಂತ ಹೇಳೋಕೆ ನನಗೆ ಬಾಯಿ ಬರ್ಲಿಲ್ಲ. ಅಂಥದ್ದೇ ಹುಡುಕಿ ತಂದೆ. ಸುಳ್ಳು ಹೇಳಿದೆ. ಬೈಯಿ, ಬೈಸ್ಕೋತೀನಿ.”

“ಅದೆಲ್ಲಿ ಈಗ?”

“ಗುಜರಿ ಗಾಡಿಗೆ ಕೊಟ್ಬಿಟ್ಟೆ.”

ಗುಜರಿ ಎಂಬ ಮಾತು ಕಿವಿಗೆ ಬಿದ್ದಾಗ ನೆದ್ಯಾಲ್ಕಾ ಮೆಣಸಿನಕಾಯಿಯ ಪೆಟ್ಟಿಗೆಯ ಅಂಚು ಹಿಡಿದುಕೊಂಡಳು. ಕೇಳಬೇಕೋ ಬೇಡವೋ ಎಂದು ಲೆಕ್ಕ ಹಾಕಿ, ಕೊನೆಗೆ ಕೇಳಿದಳು: “ಕೊಡೋ ಮುಂಚೆ ಯಾರಾದ್ರೂ ತಳ ಬಿಚ್ಚಿದ್ರಾ?”

“ನಮ್ಮ ಯಜಮಾನ್ರು ಬಿಚ್ಚಿದ್ರು. ಅವರ ಕೈಲಿ ಏನಾಗುತ್ತೆ ಪಾಪ, ಬಿಚ್ಚೋದೊಂದೇ ಗೊತ್ತು. ಒಳಗಡೆ ಏನೋ ಕೊರೆದಿತ್ತು. ನನ್ನನ್ನೂ ಕರೆದು ತೋರಿಸಿದ್ರು.”

“ಏನಂತ?”

“ಎರಡು ಮೂರು ಸಾಲು. ಮಸಿ ಹಿಡಿದಿತ್ತು, ಕನ್ನಡಕ ಬೇರೆ ಇರ್ಲಿಲ್ಲ. ಮೇಲ್ಗಡೆ ನಿನ್ನ ಹೆಸರಿತ್ತು. ಒಡತಿ ಹೆಸರು ಹಾಕಿದಾನೆ ಅಂದ್ಕೊಂಡ್ವಿ.”

ಎದುರಿನ ಒಲೆಯಲ್ಲಿದ್ದ ಮೆಣಸಿನಕಾಯಿ ಚಟಪಟ ಎಂದು ಸಿಡಿಯಿತು. ಯಾರೂ ಮುಚ್ಚಳ ತೆಗೆಯಲಿಲ್ಲ.

“ನನ್ನ ಹೆಸರು ಹೇಗೆ ಬರೆದಿದ್ದ, ಕೇರಕ್ಕ? ನೆದ್ಯಾಲ್ಕಾ ಅಂತಾನಾ, ನೇದಾ ಅಂತಾನಾ?”

ಕೇರಾ ಮೂವತ್ತು ವರ್ಷ ಆ ಬಾಲ್ಕನಿಯ ಕೆಳಗೇ ಕೂತವಳು. ಮೇಲಿನಿಂದ ಯಾವ ಹೆಸರು ಯಾವಾಗ ಇಳಿದು ಬರುತ್ತಿತ್ತು ಎಂದು ಅವಳಿಗೆ ತಿಳಿಯದೆ ಇರಲಿಲ್ಲ. ಅವಳು ಉತ್ತರ ಕೊಡುವ ಮೊದಲು ನೆದ್ಯಾಲ್ಕಾಳ ಮುಖ ನೋಡಿದಳು. ಆಮೇಲೆ ಹೇಳಿದಳು.

“ನೇದಾ ಅಂತ.”

“ಸರಿಯಾಗಿ ನೆನಪಿದೆಯಾ?”

“ಇದೆ ಕಣೆ. ನೇದಾ ಅಂತಲೇ ಇತ್ತು.”

ಕರುಣೆಗೋಸ್ಕರ ಎರಡು ವರ್ಷ ಸುಳ್ಳು ಹೇಳಬಲ್ಲವಳ ಬಾಯಿಂದ ಬಂದ ಮಾತು ಅದು. ನಿಜವೇ ಇರಬಹುದು. ಅಳೆದು ನೋಡಲು ನೆದ್ಯಾಲ್ಕಾ ಬಳಿ ಏನೂ ಇರಲಿಲ್ಲ. ತಗಡು ಎಲ್ಲೋ ಕರಗಿ ಇಷ್ಟು ಹೊತ್ತಿಗೆ ಇನ್ನೇನೋ ಆಗಿರುತ್ತದೆ, ಬಕೆಟ್ಟೋ, ಬಾಗಿಲ ಚಿಲಕವೋ. ಯಾವುದೂ ಹಾಳಾಗಬಾರದು ಎನ್ನುತ್ತಿದ್ದವನಿಗೆ ಅದು ಸಮಾಧಾನವೇ. ಅವಳಿಗಲ್ಲ.

ಸುಟ್ಟ ಮೆಣಸಿನಕಾಯಿಯನ್ನು ಕೇರಾ ಹೊರತೆಗೆದು ಪಾತ್ರೆಗೆ ಹಾಕಿದಳು. ನೆದ್ಯಾಲ್ಕಾ ಕೂತಲ್ಲಿಂದ ಏಳಲಿಲ್ಲ. ಅಂಗಿಯ ತೋಳು ಮಡಚಿ, ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಸಿಪ್ಪೆ ಸುಲಿಯಲು ಶುರು ಮಾಡಿದಳು.

“ಇನ್ನೊಂದು ಸಲ ಹೇಳಿ, ಕೇರಕ್ಕ,” ಎಂದಳು ತಲೆ ಎತ್ತದೆ.

“ನೇದಾ ಅಂತಿತ್ತು,” ಎಂದಳು ಕೇರಾ.